ಹಂಗಳದ ಹೊಲದಲ್ಲಿ ಟೆಂಟು ಮತ್ತು ಒಂದು ಹಲಸಿನ ಹಣ್ಣು

ಶನಿವಾರ ಬೆಳಿಗ್ಗೆ ನಾವು ನಾಲ್ವರು ಚಾಮರಾಜನಗರದ ಬಸ್ ನಿಲ್ದಾಣ ಸೇರಿದಾಗ ಸಣ್ಣಗೆ ಮಳೆ ಜಿನುಗುತ್ತಿತ್ತು. ಮಳೆಯೇ ಇರಲಿಲ್ಲ, ಬರೀ ಮೋಡ ಎಂದು ನನ್ನ ಗಂಡ ಮಾದೇಶ್ ಹೇಳುತ್ತಾರೆ. ಹಿಂತಿರುಗಿ ವಾರವೂ ಆಗಿಲ್ಲ, ಆಗಲೇ ಎರಡು ಹೇಳಿಕೆ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ದಿನವೂ ಡೈರಿ ಬರೆಯುತ್ತೇನೆ. ಆದರೂ ಕಣ್ಣಾರೆ ಕಂಡೆ ಎಂದುಕೊಂಡದ್ದರ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ. ಮುಂದೆ ಬರೆದಿರುವುದನ್ನು ಓದುವಾಗ ಇದೊಂದು ನೆನಪಿರಲಿ.

ಪ್ರವಾಸ ದೊಡ್ಡದೇನಲ್ಲ. ಗುಂಡ್ಲುಪೇಟೆ ದಾಟಿ ಹಂಗಳ, ಅಲ್ಲಿ ಮಾದೇಶ್ ಅವರ ಸೋದರಮಾವ ಸಿದ್ದರಾಜು ಅವರ ಹೊಲ, ಆ ಹೊಲದಲ್ಲಿ ಟೆಂಟು ಹಾಕಿ ಒಂದು ರಾತ್ರಿ. ಕಾರಣ ನಮ್ಮ ಮಗಳು ಪೂರ್ವಿ. ಅವಳಿಗೆ ಹನ್ನೊಂದು ವರ್ಷ, ಚಿಕ್ಕಂದಿನಿಂದ ಉಬ್ಬಸ. ಮುಂದಿನ ತಿಂಗಳು ಅವಳ ಶಾಲೆಯವರು ಮಕ್ಕಳನ್ನು ಬೆಟ್ಟದ ತಪ್ಪಲಿನ ಶಿಬಿರಕ್ಕೆ ಕರೆದೊಯ್ಯುತ್ತಾರೆ. ಟೆಂಟಿನಲ್ಲೇ ವಾಸ. ಔಷಧ ಕೈಗೆಟುಕುವಂತಿದ್ದರೆ, ಹೊಗೆ ಧೂಳಿನಿಂದ ದೂರ ಇದ್ದರೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಮಾದೇಶ್ ಒಪ್ಪಲಿಲ್ಲ. ಅವರು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು, ಪರೀಕ್ಷೆ ಇಲ್ಲದೆ ಯಾರನ್ನೂ ಪಾಸು ಮಾಡುವವರಲ್ಲ.

"ಮೊದಲು ನಮ್ಮ ಜೊತೆ ಒಂದು ರಾತ್ರಿ ಟೆಂಟಲ್ಲಿ ಮಲಗಲಿ. ಉಬ್ಬಸ ಬರದಿದ್ರೆ ಸಹಿ ಹಾಕ್ತೀನಿ," ಎಂದಿದ್ದರು.

"ಬಂದ್ರೆ?" ಎಂದಿದ್ದಳು ಪೂರ್ವಿ.

"ಬಂದ್ರೆ ಮನೇಲಿರೋದು."

ಹಾಗಾಗಿ ಈ ಪ್ರವಾಸ.

ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಹೀಗೆ ಹೋಗುವವರಿಗೆ ನಾನು ಹೇಳುವುದು, ಟೆಂಟನ್ನು ಮನೆಯಲ್ಲೇ ಒಮ್ಮೆ ಕಟ್ಟಿ ಬಿಚ್ಚಿ ನೋಡಿ. ನಾವು ಸಹೋದ್ಯೋಗಿಯೊಬ್ಬರಿಂದ ಎರವಲು ತಂದ ಟೆಂಟನ್ನು ಮಹಡಿಯ ಮೇಲೆ ಕಟ್ಟಲು ಹೋಗಿ, ಕೋಲುಗಳನ್ನು ಅಡ್ಡಡ್ಡ ತೂರಿಸಿ, ಅದು ಎಮ್ಮೆ ಮಗ್ಗುಲಾದಂತೆ ಬಿದ್ದದ್ದು ಒಳ್ಳೆಯದೇ ಆಯಿತು. ಹೊಲದಲ್ಲಿ ಗಾಳಿಗೆ ಸಿಕ್ಕಿ ಕಲಿಯುವುದಕ್ಕಿಂತ ಅಲ್ಲೇ ಕಲಿತೆವು. ಟೆಂಟಿನ ಅಡಿಗೆ ಹಾಸಲು ಅಂಗಡಿಯ ದುಬಾರಿ ಹಾಳೆ ಬೇಕಿಲ್ಲ, ಹಳೆಯ ಫ್ಲೆಕ್ಸ್ ಬ್ಯಾನರ್ ಸಾಕು, ನೀರು ಇಂಗುವುದಿಲ್ಲ. ನಮಗೆ ಸಿಕ್ಕಿದ್ದು ಯಾರದೋ ಹುಟ್ಟುಹಬ್ಬದ ಬ್ಯಾನರ್. ಮುಖ ಕೆಳಗೆ ಮಾಡಿ ಹಾಸಿದೆವು.

ಉಬ್ಬಸದ ಮಕ್ಕಳಿಗೆ ಕಂಬಳಿ, ಹಳೆಯ ಜಮಖಾನ ಬೇಡ, ಅವುಗಳ ಧೂಳು ಎಷ್ಟು ಒದರಿದರೂ ಹೋಗುವುದಿಲ್ಲ. ಒಗೆದು ಬಿಸಿಲಿಗೆ ಹಾಕಿದ ಹತ್ತಿಯ ಹೊದಿಕೆ ಎರಡು ಹೆಚ್ಚಿಗೆ ಇಟ್ಟುಕೊಳ್ಳುವುದು ಮೇಲು. ಇನ್ಹೇಲರನ್ನೂ ಅದಕ್ಕೆ ಜೋಡಿಸುವ ಪ್ಲಾಸ್ಟಿಕ್ ಡಬ್ಬಿಯನ್ನೂ ದೊಡ್ಡ ಚೀಲದ ತಳದಲ್ಲಿ ಹುಗಿಯದೆ ಮಗುವಿನ ಸೊಂಟದ ಚೀಲದಲ್ಲೇ ಇಟ್ಟೆವು, ಇನ್ನೊಂದು ಜೊತೆ ನನ್ನ ಹತ್ತಿರ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ನೈಲಾನ್ ಹಗ್ಗ, ಕುಡಿಯುವ ನೀರಿನ ಕ್ಯಾನು, ಕಾಲುಚೀಲ, ಒಂದು ಪ್ಲಾಸ್ಟಿಕ್ ಸ್ಟೂಲು. ಸ್ಟೂಲು ನನ್ನ ಅತ್ತೆಯ ಮಂಡಿಗಾಗಿ. ಮಡಚುವ ಕುರ್ಚಿಗಿಂತ ಹಗುರ, ಬಸ್ಸಿನಲ್ಲಿ ಸೀಟು ಸಿಗದಿದ್ದಾಗಲೂ ಆಗುತ್ತದೆ.

ಇಷ್ಟೆಲ್ಲ ನಾನು ಯೋಚಿಸಿ ಕಟ್ಟಿದ್ದು. ಅತ್ತೆ ಹರದನಹಳ್ಳಿಯಿಂದ ನೇರ ಬಸ್ ನಿಲ್ದಾಣಕ್ಕೇ ಬಂದಿದ್ದರು. ಕೈಯಲ್ಲಿ ಗೋಣಿಚೀಲ, ಚೀಲದಲ್ಲಿ ಹಲಸಿನ ಹಣ್ಣು.

"ಅತ್ತೆ, ಇದನ್ನ ಹೊತ್ಕೊಂಡು ಅಲ್ಲೀವರೆಗೂ?" ಎಂದೆ.

"ತಮ್ಮನ ಮನಗ ಬರಿಗೈಲಿ ಓಗಕಾದ್ದಾ ಕಣವ್ವ? ಇದೇ ಮರದಲ್ಲಿದ್ದ ಕೊನೇದು. ನಿನ್ನ ಟೆಂಟು ಓಡೋಗಲ್ಲ, ಮೊದ್ಲು ಇದ ಇಡ್ಕ."

ಆಷಾಢದಲ್ಲಿ ಹಲಸು ಮುಗಿಯುವ ಕಾಲ. ಈ ಹಣ್ಣು ಪೂರ್ತಿ ಕಳಿತು, ಗೋಣಿಯ ಹೊರಗಿಂದಲೇ ಘಮಘಮಿಸುತ್ತಿತ್ತು. ಬಸ್ಸು ಹತ್ತಿದಾಗ ಹೆಂಗಸರು ಮೂವರಿಗೂ ಕಂಡಕ್ಟರು ಶೂನ್ಯ ದರದ ಟಿಕೆಟ್ ಹರಿದು ಕೊಟ್ಟು, ಗೋಣಿಯ ಮುಂದೆ ನಿಂತರು.

"ಎಂಗಸ್ರಿಗ ಫ್ರೀ, ಸರಿ. ಈ ಹಣ್ಣು ಎಂಗ್ಸಾ ಗಂಡ್ಸಾ ಕಣಜ್ಜಿ?"

"ಒಟ್ಟೆ ತುಂಬ ಮಕ್ಕಳ ಇಟ್ಕಂಡು ಕೂತದ. ಗಂಡ್ಸಂದೀಯಾ ನೀನು?" ಎಂದರು ಅತ್ತೆ.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರು ಹಣ್ಣಿಗೆ ಟಿಕೆಟ್ ಕೇಳದೆ ಮುಂದೆ ಹೋದರು.

ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಒಂದು ಗಂಟೆಯ ದಾರಿ. ದಾರಿಯುದ್ದಕ್ಕೂ ಅರಿಶಿನ, ಸಣ್ಣ ಈರುಳ್ಳಿ. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಊಟಿ ರಸ್ತೆಯ ಬಸ್ಸು ಹಿಡಿದೆವು. ಊರು ದಾಟಿದ್ದೇ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ರಸ್ತೆಬದಿ ಕೇರಳದ ಕಾರುಗಳ ಸಾಲು. ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಹೊಲದ ಯಜಮಾನನೊಬ್ಬ ಮಲಯಾಳದಲ್ಲೇ ಗದರಿಸುತ್ತಿದ್ದ. ಹಂಗಳದಲ್ಲಿ ಇಳಿದಾಗ ಗೋಪಾಲಸ್ವಾಮಿ ಬೆಟ್ಟದ ತಲೆ ಮಂಜಿನಲ್ಲಿ ಕಾಣುತ್ತಿರಲಿಲ್ಲ, ಗಾಳಿ ಮಾತ್ರ ಅಲ್ಲಿಂದ ನೇರ ಬಂದು ಮುಖಕ್ಕೆ ಹೊಡೆಯುತ್ತಿತ್ತು.

ಸಿದ್ದರಾಜುಮಾವ ಮೊದಲು ಊರೊಳಗೇ ಇದ್ದವರು. ಅಣ್ಣತಮ್ಮಂದಿರು ಭಾಗವಾದ ಮೇಲೆ ಹೊಲದಲ್ಲೇ ಮನೆ ಕಟ್ಟಿಕೊಂಡು ಬಂದಿದ್ದಾರೆ. ಅತ್ತೆ ಈ ಹೊಸ ಮನೆಯನ್ನು ನೋಡಿದ್ದು ಇದೇ ಮೊದಲು. ಹೊಲದಲ್ಲಿ ಜೋಳ, ಹೊಲದ ಆಚೆ ಆನೆ ಬರದಂತೆ ತೋಡಿದ ಕಂದಕ, ಕಂದಕದಾಚೆ ಬಂಡೀಪುರದ ಕಾಡು. ಕಾಡಿನೊಳಗೆ ಟೆಂಟು ಹಾಕುವಂತಿಲ್ಲ. ಹೆದ್ದಾರಿಯ ಬದಿ ಗಾಡಿ ನಿಲ್ಲಿಸುವುದಕ್ಕೂ ಬಿಡುವುದಿಲ್ಲ. ಹಾಗೆ ಮಾಡುವ ಆಸೆಯುಳ್ಳವರು ದಯವಿಟ್ಟು ಬಿಟ್ಟುಬಿಡಿ. ಪರಿಚಯದವರ ಹೊಲ, ಅವರ ಅನುಮತಿ, ಕೂಗಿದರೆ ಕೇಳುವಷ್ಟು ಹತ್ತಿರ ಒಂದು ಮನೆ. ಮಕ್ಕಳಿದ್ದರೆ ಈ ಮೂರೂ ಬೇಕು.

ನಾವು ಹೋದಾಗ ಮನೆಗೆ ಬೀಗ. ಮಾವ ಹೂವು ಹಾಕಲು ಮಂಡಿಗೆ ಹೋಗಿದ್ದರು. ಅವರ ಹೆಂಡತಿ ನಾಗಮ್ಮ ಪಕ್ಕದ ಹೊಲದಲ್ಲಿ ಹೂವು ಬಿಡಿಸುತ್ತಿದ್ದರು, ಅಲ್ಲಿಂದಲೇ ಕೈಬೀಸಿ "ನಿಮಗ ಬೇಕಾದ ಕಡ ಆಕ್ಕಳಿ" ಎಂದು ಕೂಗಿದರು. ನಾವು ಕಂದಕದ ಕಡೆಯ ಹುಲ್ಲು ಜಾಗ ಆರಿಸಿದೆವು, ಪೂರ್ವಿಗೆ ಕಾಡು ಕಾಣಲೆಂದು. ಹತ್ತಿರದಲ್ಲೇ ಮರದ ಮೇಲೆ ಕಟ್ಟಿದ ಅಟ್ಟಣೆ ಇತ್ತು. ಬೆಳೆ ಇರುವ ತಿಂಗಳುಗಳಲ್ಲಿ ಇಲ್ಲಿಯ ಗಂಡಸರು ರಾತ್ರಿ ಅದರ ಮೇಲೆ ಕೂತು ಕಾವಲು ಕಾಯುತ್ತಾರೆ.

ಗೂಟ ಹೊಡೆಯುವುದೇ ದೊಡ್ಡ ಕೆಲಸವಾಯಿತು. ಟೆಂಟಿನ ಜೊತೆ ಬರುವ ತಂತಿಯಂಥ ಗೂಟ ಗರಸು ಮಣ್ಣಿಗೆ ಬಾಗಿಬಿಡುತ್ತದೆ. ಕೊನೆಗೆ ನಾಲ್ಕು ಮೂಲೆಯ ಹಗ್ಗವನ್ನೂ ಕಲ್ಲಿಗೆ ಸುತ್ತಿ ಕಟ್ಟಿದೆವು. ಬಾಗಿಲನ್ನು ಗಾಳಿಗೆ ಬೆನ್ನಾಗಿ ಇಡಬೇಕು. ನಾವು ಕಾಡಿನ ನೋಟಕ್ಕಾಗಿ ಗಾಳಿಗೆ ಎದುರಾಗಿ ಇಟ್ಟೆವು. ಅದು ಯಾರ ಸಲಹೆ ಎಂಬುದರಲ್ಲೂ ಈಗ ಭಿನ್ನಾಭಿಪ್ರಾಯವಿದೆ. ಹನಿ ಬಿದ್ದಂತಾಗಿ ಸಾಮಾನೆಲ್ಲ ಒಳಗೆ ಸೇರಿಸಿದೆವು, ಗೋಣಿಚೀಲವನ್ನೂ. ತಮ್ಮನ ಕೈಗೇ ಕೊಡಬೇಕೆಂದು ಅತ್ತೆ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಸಂಜೆ ಮಾವ ಬೈಕಿನಲ್ಲಿ ಬಂದರು. ಬೈಕು ನಿಲ್ಲಿಸುವ ಮೊದಲೇ ಮೂಗು ಅರಳಿಸಿದರು.

"ಏನ್ಲಾ ಮಾದೇಸ, ಏನಿದು ಘಮ್ಮಂತದ?"

ಅತ್ತೆ ಟೆಂಟಿನೊಳಗಿಂದ ಗೋಣಿ ಎಳೆದು ತಂದರು. "ನಿಂಗೇ ಕಣ್ಲಾ ತಂದಿರಾದು. ಹರದನಹಳ್ಳೀದು. ಜೇನು ಇದ್ದಂಗದ."

ಮಾವನ ಮುಖ ಇಳಿದುಹೋಯಿತು. "ಅಯ್ಯೋ ಅಕ್ಕ! ಕಾಡ ಬಾಯಲ್ಲಿ ತಂದು ಮಡಗಿದ್ದೀಯಲ್ಲ! ಆನೆಗ ಫೋನ್ ಮಾಡಿ ಊಟಕ್ಕ ಬಾ ಅಂದಂಗಾಯ್ತು!"

"ಯಾಕ್ಲಾ, ವರ್ಸ ವರ್ಸ ತಂದು ಕೊಟ್ಟಿಲ್ವಾ? ಬಾಯಿ ಚಪ್ಪರಿಸ್ಕಂಡು ತಿಂದಿಲ್ವಾ?"

"ಅದು ಊರೊಳಗ ಇದ್ದ ಮನ ಕಣಕ್ಕ. ಇಲ್ಲಿ ನಮ್ಮ ಮರದ್ದೇ ಹಲಸ ಎಳೇಕಾಯಲ್ಲೇ ಕಿತ್ತು ಮಾರ್ಬುಟ್ಟಿ, ಒಂದು ಕಾಯೂ ಬುಟ್ಟಿಲ್ಲ. ಅಣ್ಣಾದ್ರ ಎಲ್ಲಿದ್ರೂ ವಾಸ್ನ ಇಡ್ಕಂಡು ಬತ್ತವ. ಬಂದ್ರ ಅಣ್ಣೊಂದ ತಿಂದು ಓಗವಾ? ಇಡೀ ಜೋಳ ತುಳ್ದಾಕ್ತವ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ಹಣ್ಣನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು, ಬೆಳಕಿರುವಾಗಲೇ ಊರೊಳಗೆ ಹಂಚಿ ಬರುತ್ತೇನೆಂದು ಹೋದರು. ಹೋಗುವಾಗ "ನಂಗ ಒಂದ್ನಾಕು ತೊಳೆ ತಿಂದ್ಕಂಡೇ ಬತ್ತಿನಿ ಬುಡಕ್ಕ" ಎಂದು ಅವರು ನಕ್ಕದ್ದರಿಂದ ಅತ್ತೆಗೆ ಸ್ವಲ್ಪ ಜೀವ ಬಂತು.

ಅಷ್ಟರಲ್ಲಿ ನಾಗಮ್ಮ ಇನ್ನೊಂದು ಕೆಲಸ ಮಾಡಿದ್ದರು. ವಾಸನೆ ಮುಚ್ಚಬೇಕೆಂದು ಕಂದಕದ ಬಳಿ ಒಡಕು ಮಡಕೆಯಲ್ಲಿ ಬೆರಣಿ ಹೊತ್ತಿಸಿ, ಅದರ ಮೇಲೆ ಒಣಮೆಣಸಿನಕಾಯಿ ಸುರಿದಿದ್ದರು. ಆನೆ ಅಂಜುವುದು ಆ ಹೊಗೆಗೆ. ಆ ಕಡೆಯ ಎಲ್ಲ ಹೊಲಗಳಲ್ಲೂ ಹಾಗೇ ಮಾಡುತ್ತಾರೆ, ಅವರಿಗೆ ಅದು ದೀಪ ಹಚ್ಚಿದಷ್ಟೇ ಸಹಜ. ಗಾಳಿ ಆ ಕಡೆಯಿಂದಲೇ. ಹೊಗೆ ತೆರೆದ ಬಾಗಿಲಿನಿಂದ ಟೆಂಟಿನೊಳಗೆ ತುಂಬಿತು. ಒಳಗೆ ಪೂರ್ವಿ ಹಾಸಿಗೆ ಹಾಸುತ್ತಿದ್ದಳು.

ಅವಳ ಕೆಮ್ಮು ಕೇಳಿ ಮಾದೇಶ್ ನುಗ್ಗಿದರು. ಮಗಳನ್ನು ಎತ್ತಿಕೊಂಡು ಮನೆಯೊಳಗೆ ಓಡಿದರು, ನಾನು ಹಿಂದೆಯೇ ಹೋಗಿ ಬಾಗಿಲು ಹಾಕಿದೆ. ಇನ್ಹೇಲರ್ ಹಾಕಿಸಿ ಬೆನ್ನಿಗೆ ಗೋಡೆ ಕೊಟ್ಟು ಕೂರಿಸಿದೆವು. ನಾಗಮ್ಮ ಮಡಕೆಗೆ ನೀರು ಸುರಿದು ಓಡಿಬಂದು, "ನಂಗ ಗೊತ್ತಿರ್ನಿಲ್ಲ ಕಣವ್ವ, ಕೂಸಿಗ ಇಂಗದ ಅಂತ ಯಾರೂ ಯೋಳ್ನಿಲ್ಲ" ಎಂದು ಅಳುವ ಹಾಗಾದರು. ನಿಜ, ನಾವು ಹೇಳಿರಲಿಲ್ಲ. ಯಾರ ಜಾಗಕ್ಕೆ ಹೋಗುತ್ತೇವೋ ಅವರಿಗೆ ಮಗುವಿನ ತೊಂದರೆಯನ್ನು ಬಾಯಿಬಿಟ್ಟು ಹೇಳಬೇಕು. ಹಗ್ಗ ಟಾರ್ಚುಗಳಿಗಿಂತ ಮೊದಲು ಮಾಡಬೇಕಾದ ತಯಾರಿ ಅದು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದ್ದೆವು.

ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಮಾದೇಶ್ ಎದ್ದು ನಿಂತರು.

"ಸರಿ, ಮುಗೀತು. ಇಲ್ಲೇ ಮನೇಲಿ ಮಲಗೋಣ. ಬಂತಲ್ಲ ಉಬ್ಬಸ."

"ಅದು ಉಬ್ಬಸ ಅಲ್ಲ, ಕೆಮ್ಮು," ಎಂದಳು ಪೂರ್ವಿ. "ನೀನೂ ಕೆಮ್ಮಿದೆ. ಅಮ್ಮನೂ ಕೆಮ್ಮಿದ್ಳು."

"ನಾನೂ ಕೆಮ್ಮಿದಿ ಕಣ್ಲಾ," ಎಂದರು ಅತ್ತೆ.

"ಪರೀಕ್ಷೇಲಿ ಪ್ರಶ್ನೆನೇ ತಪ್ಪಾಗಿ ಬಂದ್ರೆ ಏನಪ್ಪಾ ಮಾಡ್ತಾರೆ?" ಎಂದಳು ಪೂರ್ವಿ.

ಮಾದೇಶ್ ತಲೆ ಕೆರೆದುಕೊಂಡರು. "ಗ್ರೇಸ್ ಮಾರ್ಕ್ಸ್ ಕೊಡ್ತಾರೆ."

"ಮತ್ತೆ?"

ಟೆಂಟನ್ನು ಮನೆಯ ಪೂರ್ವದ ಅಂಗಳಕ್ಕೆ ಸಾಗಿಸಿದೆವು. ಗೋಡೆ ಗಾಳಿಗೆ ಅಡ್ಡ. ಹಲಸು ಇಟ್ಟಿದ್ದ ಜಾಗವನ್ನು ಸೋಪಿನ ನೀರಿನಲ್ಲಿ ಒರೆಸಿ, ಗೋಣಿಯನ್ನು ಮಣ್ಣಿನಲ್ಲಿ ಹೂತೆವು. ಟೆಂಟಿನೊಳಗೆ ತಿನ್ನುವುದೇನನ್ನೂ ಇಡಬಾರದು. ಇರುವೆಗಾಗಿ ಹೇಳುವ ಈ ಮಾತು ಇಲ್ಲಿ ಆನೆಗೂ ಸಲ್ಲುತ್ತದೆ. ಊರಿನಿಂದ ಬಂದ ಮಾವ, ಇವತ್ತು ಹೊಗೆ ಬೇಡ, ಎರಡು ಪಟಾಕಿ ಇಟ್ಟುಕೊಂಡು ಅಟ್ಟಣೆಯ ಮೇಲೆ ಎಚ್ಚರವಾಗಿಯೇ ಕೂರುತ್ತೇನೆ ಎಂದರು. ಅತ್ತೆ ಬೇಡವೆಂದರೂ ಕೇಳಲಿಲ್ಲ. "ಕೂಸಿನ ಉಸ್ರಿಗಿಂತ ಜೋಳ ಎಚ್ಚಾ? ಸುಮ್ನಿರಕ್ಕ," ಎಂದರು.

ನಾಗಮ್ಮ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ನಾವು ಹೊತ್ತು ತಂದ ಚಿಕ್ಕ ಗ್ಯಾಸ್ ಒಲೆ ಚೀಲದಲ್ಲೇ ಉಳಿಯಿತು. ಅತ್ತೆ ಮನೆಯೊಳಗೆ ಮಲಗಿದರು, ನಾವು ಮೂವರು ಟೆಂಟಿನಲ್ಲಿ. ಪೂರ್ವಿ ನಡುವೆ. ಗಾಳಿಗೆ ಬಟ್ಟೆ ಪಟಪಟ ಬಡಿಯುತ್ತಿತ್ತು. ನಾನು ಇಡೀ ರಾತ್ರಿ ಅವಳ ಉಸಿರು ಕೇಳುತ್ತಾ ಎಚ್ಚರವಾಗಿದ್ದೆ.

ಬೆಳಿಗ್ಗೆ ಕಣ್ಣುಜ್ಜುತ್ತಾ ಹೊರಬಂದ ಮಾದೇಶ್ ಅವರಿಗೆ ನಾನು ಹೇಳಿದ ಮೊದಲ ಮಾತೂ ಅದೇ. "ಕಣ್ಣು ಮುಚ್ಚಿಲ್ಲ ನಾನು. ಒಂದು ಸಲವೂ ಕೆಮ್ಮಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ್ಳು."

"ಹಾಗಾದ್ರೆ ಪಾಸು," ಎಂದರು ಅವರು. ಪೂರ್ವಿ ಜಗಲಿಯ ಮೇಲೆ ಹಾಲು ಕುಡಿಯುತ್ತಿದ್ದಳು. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಲೋಟದೊಳಗೆ ನೋಡುತ್ತಾ ಕೂತಿದ್ದಳು.

ನಾಗಮ್ಮ ಹಸುವಿನ ಹತ್ತಿರದಿಂದ ಬಂದು ನನ್ನನ್ನು ನೋಡಿದರು.

"ಯಾವಾಗವ್ವ ನೀನು ಎಚ್ರಿದ್ದಿ? ಮೊಬ್ಬಿಗೇ ನಾನು ಕೊಟ್ಗೆಗ ಎದ್ದಾಗ ಕೂಸು ಒಬ್ಳೇ ಬಂದು ಇಲ್ಲಿ ಕುಂತಿತ್ತು. ಎದೆ ಸುಯ್ ಸುಯ್ ಅಂತಿತ್ತು. ಅದೇನೋ ಡಬ್ಬಿ ಇಡ್ಕಂಡು ಎಳ್ಕತಿತ್ತು. ನಿಮ್ಮವ್ವನ್ನ ಎಬ್ಬುಸ್ತಿನಿ ಕಣಮ್ಮಿ ಅಂದ್ರ, ಬ್ಯಾಡ ಅಂತ ನನ್ನ ಕೈ ಇಡ್ಕತು. ನಾನೂ ಪಕ್ಕದಲ್ಲೇ ಕುಂತಿ. ಆಮ್ಯಾಲ ಸರಿಯಾಯ್ತು, ಓಗಿ ಮಲಿಕಂತು."

ನನ್ನನ್ನು ದಾಟಿಕೊಂಡು ಅವಳು ಹೋಗಿದ್ದಾಳೆ, ಜಿಪ್ಪು ಎಳೆದಿದ್ದಾಳೆ, ಮತ್ತೆ ಬಂದು ಮಲಗಿದ್ದಾಳೆ. ಎಚ್ಚರವಾಗಿದ್ದ ಇಡೀ ರಾತ್ರಿ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ: ಬಟ್ಟೆಯ ಬಡಿತ, ಹಸುವಿನ ಗಂಟೆ, ಅವಳ ಸಲೀಸಾದ ಉಸಿರು. ನಾಗಮ್ಮ ಬಾಯಿ ಬಿಡದೇ ಹೋಗಿದ್ದರೆ ಡೈರಿಯಲ್ಲಿ ಅದನ್ನೇ ಬರೆಯುತ್ತಿದ್ದೆ, ಆಮೇಲೆ ಅದೇ ಸತ್ಯವಾಗಿಬಿಡುತ್ತಿತ್ತು.

ಮಾದೇಶ್ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡೆ.

"ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸಿದ್ರೆ ಫೇಲ್ ಆಗ್ತಿದ್ದೆ."

"ಜಾಸ್ತಿ ಆಗಿದ್ರೆ?"

"ಜಾಸ್ತಿ ಆಗಿದ್ರೆ ಎಬ್ಬಿಸ್ತಿದ್ದೆ," ಎಂದಳು. ಸ್ವಲ್ಪ ತಡೆದು, "ಎಬ್ಬಿಸ್ತಿದ್ದೆ ಅನ್ಸುತ್ತೆ," ಎಂದಳು.

ಮಾದೇಶ್ ಎದ್ದು ಹೋಗಿ ಟೆಂಟಿನ ಹಗ್ಗ ಬಿಚ್ಚತೊಡಗಿದರು. ಮಾವ ಅಟ್ಟಣೆಯಿಂದ ಇಳಿದು ಬಂದು, ಆನೆಯೊಂದು ಕಂದಕದ ಆಚೆಯವರೆಗೆ ಬಂದು ನಿಂತು ಹೋಯಿತೆಂದು ಹೇಳಿದರು. ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಒದ್ದೆ ಟೆಂಟನ್ನು ಮಡಚಿ ಚೀಲಕ್ಕೆ ಹಾಕಬಾರದು, ಬೂಷ್ಟು ಹಿಡಿಯುತ್ತದೆ. ಬೇಲಿಯ ಮೇಲೆ ಹರವಿ ಒಣಗಿಸಿದೆವು. ಅದು ಒಣಗುವವರೆಗೆ ಗಂಡ ಹೆಂಡತಿ ಅಲ್ಲಿ ನಿಂತು ಮಾತಾಡಿದೆವು.

"ಕಳಿಸೋದು ಬೇಡ. ಮುಚ್ಚಿಡ್ತಾಳೆ. ಅಲ್ಲಿ ಮುಚ್ಚಿಟ್ರೆ ಏನು ಗತಿ?" ಎಂದರು.

"ಮುಚ್ಚಿಡೋ ಹಾಗೆ ಮಾಡಿದ್ದು ಯಾರು? ಉಸಿರಿಗೆ ಮಾರ್ಕ್ಸ್ ಇಟ್ಟವರು ನೀವು. ಸರಿ ಅಂದವಳು ನಾನು."

ಅವರು ಟೆಂಟಿನ ಮೂಲೆಗೆ ಅಂಟಿದ್ದ ಹುಲ್ಲನ್ನು ಒಂದೊಂದೇ ಕೀಳುತ್ತಿದ್ದರು.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ನಾಗಮ್ಮ ಚೆಂಡು ಹೂವಿನ ಚೀಲ ಕೊಟ್ಟರು. ಅತ್ತೆ ಬಸ್ಸಿನ ಕಿಟಕಿಯಿಂದ ತಮ್ಮನಿಗೆ, "ಮುಂದ್ಲ ವರ್ಸ ಏನ ತರ್ಲಿ ಯೋಳ್ಬುಡು ಈಗ್ಲೇ" ಎಂದರು. "ನೀನು ಬಾ ಸಾಕು, ಕೈ ಬೀಸ್ಕಂಡು ಬಾ," ಎಂದು ಮಾವ ಕೂಗಿದರು.

ಬಸ್ಸು ಗುಂಡ್ಲುಪೇಟೆಯ ಕಡೆ ತಿರುಗಿತು. ಹಿಂದಕ್ಕೆ ನೋಡಿದೆ, ಬೆಟ್ಟದ ಮಂಜು ಸರಿದಿತ್ತು, ನೆತ್ತಿ ಕಾಣುತ್ತಿತ್ತು. ನಾನೂ ಅತ್ತೆಯೂ ಒಂದು ಸೀಟಿನಲ್ಲಿ, ಅಪ್ಪ ಮಗಳು ನಮ್ಮ ಮುಂದಿನದರಲ್ಲಿ. ಸೂರ್ಯಕಾಂತಿ ಹೊಲಗಳು ಬಂದಾಗ ಮಾದೇಶ್ ಮಾತಾಡಿದ್ದು ಕೇಳಿಸಿತು.

"ಶಿಬಿರಕ್ಕೆ ಹೋಗು. ನಿಮ್ಮ ಟೀಚರ್‌ಗೆ ಎಲ್ಲ ನಾನೇ ಹೇಳ್ತೀನಿ. ಒಂದೇ ಮಾತು. ಎದೆ ಬಿಗಿದ ತಕ್ಷಣ ಪಕ್ಕದಲ್ಲಿ ಯಾರಿರ್ತಾರೋ ಅವರನ್ನ ಎಬ್ಬಿಸ್ಬೇಕು. ಎಷ್ಟು ಸಲ ಆದ್ರೂ ಸರಿ."

ಪೂರ್ವಿ ಅಪ್ಪನ ಕಡೆ ತಿರುಗಿದಳು.

"ಎಬ್ಬಿಸ್ತೀನಿ. ಅವರು ನಿಂಗೆ ಫೋನ್ ಮಾಡ್ತಾರೆ. ಆಗ ನೀನು ಬಂದು ನನ್ನ ಕರ್ಕೊಂಡು ಹೋಗ್ತೀಯಾ?"

ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು. ಕಂಡಕ್ಟರು ರೈಟ್ ಎಂದರು. ಮಾದೇಶ್ ಅವರ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು.

"ನೀನಾಗೇ ಕರೀದೆ ಬರಲ್ಲ," ಎಂದರು.